ಕೂದಲೆಳೆಯಷ್ಟು ತಿರುಗಿದ ಬೀಗ

ಮಗಳು ಆ ಬೀಗವನ್ನು ತಂದೆಗೆ ಕೊಟ್ಟದ್ದು ಆಸ್ಪತ್ರೆಯಲ್ಲಿ, ಮಂಚಕ್ಕೆ ಅಡ್ಡವಾಗಿ ಎಳೆದುಕೊಳ್ಳುವ ಊಟದ ಹಲಗೆಯ ಮೇಲಿಂದ. ಹಲಗೆಯ ಮೇಲೆ ಮುಟ್ಟದೆ ಬಿಟ್ಟ ಊಟ, ಮಾತ್ರೆಯ ಬಟ್ಟಲು, ಒಂದು ಚಿಮಟ, ಅವಳು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿಯ ಸಣ್ಣ ಸ್ಕ್ರೂಡ್ರೈವರು ಇದ್ದವು. ಬೀಗ ಬೆರಳುದ್ದದ ಹಿತ್ತಾಳೆಯ ತುಂಡು. ಮೇಲೆ ದುಂಡು, ಕೆಳಗೆ ಚಪ್ಪಟೆ. ಎದುರಿನಿಂದ ನೋಡಿದರೆ ಬೋಳುತಲೆಯವನೊಬ್ಬ ಕಂಬಳಿ ಹೊದ್ದು ನಿಂತಂತೆ ಕಾಣುತ್ತಿತ್ತು. ಈಗಿನ ಬಾಗಿಲುಗಳಿಗೆಲ್ಲ ಕೂರಿಸುವ ಸಿಲಿಂಡರ್ ಬೀಗವೇ ಅದು.

“ಅಪ್ಪ, ಇದು ನಿನಗೆ. ಒಳಗಿನ ಪಿನ್ನೆಲ್ಲ ಬದಲಾಯಿಸಿ ಕಷ್ಟ ಮಾಡಿಟ್ಟಿದ್ದೀನಿ. ನೀನೇ ತೆಗೀಬೇಕು. ನಮ್ಮ ಗುಂಪಿನ ಹಲ್ಲಿನ ಡಾಕ್ಟರಿಗೂ ಕೊಡಬೇಡ, ಮೇಷ್ಟ್ರಿಗೂ ಕೊಡಬೇಡ.”

“ನನಗೆ ಬರಲ್ವಲ್ಲಮ್ಮ.”

“ಕಲಿ. ಇನ್ನು ನಿನಗೆ ಬೇಕಾದಷ್ಟು ಹೊತ್ತಿರುತ್ತೆ.”

“ಬಿಡ್ತು ಅನ್ನು.”

“ಬಿಡ್ತು, ಬಿಡ್ತು” ಎಂದು ಅವಳು ನಕ್ಕಳು. ನಗುವಾಗ ಕೆಮ್ಮು ಬಂತು. ನರ್ಸು ಬಂದು ಹಲಗೆಯನ್ನು ಪಕ್ಕಕ್ಕೆ ಸರಿಸಿದಳು. ಬೀಗ ತಂದೆಯ ಜೇಬಿಗೆ ಹೋಯಿತು. ಅದಾದ ಮೇಲೆ ಮಗಳು ಬೀಗದ ಮಾತನ್ನು ಮತ್ತೆ ಎತ್ತಲಿಲ್ಲ. ಯಾವ ಮಾತನ್ನೂ ಹೆಚ್ಚಾಗಿ ಎತ್ತುವ ಸ್ಥಿತಿ ಅವಳಿಗೆ ಬರಲಿಲ್ಲ.

ತಂದೆ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಬೀದಿಯವರಿಗೆಲ್ಲ ಅವರು ಬೈಂಡರು. ಕೆಳಗೆ ಕೆಲಸದ ಕೋಣೆ, ಮೇಲೆ ಮನೆ. ಕೆಳಗಿನ ಕೋಣೆಯಲ್ಲಿ ಸರೇಸಿನ ಅಂಟಿನ ವಾಸನೆ, ಪುಸ್ತಕ ಒತ್ತುವ ಕಬ್ಬಿಣದ ಒತ್ತುಯಂತ್ರ, ಗೋಡೆಗೆ ನೇತುಹಾಕಿದ ದಬ್ಬಳಗಳು. ಮೇಲೆ ಹೆಂಡತಿ ಕಿಟಕಿಯ ಬಳಿ ಕುಳಿತು ಅಂಗಡಿಗಳಿಂದ ಬಂದ ಅಂಗಿಗಳಿಗೆ ಕಾಜಾ ಹಾಕುತ್ತಿದ್ದಳು. ದಿನವಿಡೀ ಆಕೆಯ ಸೂಜಿ ಒಂದೇ ಸಮನೆ ಏರಿ ಇಳಿಯುತ್ತಿತ್ತು. ಇವರಿಬ್ಬರ ಒಬ್ಬಳೇ ಮಗಳು ಅವಳು.

ಬೀಗದ ಹುಚ್ಚು ಅವಳಿಗೆ ಎಲ್ಲಿಂದ ಹತ್ತಿತೋ ಮನೆಯವರಿಗೆ ತಿಳಿಯದು. ಒಂದು ಭಾನುವಾರ ಮನೆಯ ಬಾಗಿಲನ್ನೇ ಬಿಚ್ಚಿ ತೋರಿಸಿದ್ದಳು. ಬಾಗಿಲ ದಪ್ಪದಲ್ಲಿದ್ದ ಒಂದು ಉದ್ದ ಸ್ಕ್ರೂ ತೆಗೆದು, ಕೀಯನ್ನು ತುಸುವೇ ತಿರುಗಿಸಿ, ಬೀಗದ ನಡುವಿನ ನಾಲಿಗೆಯನ್ನು ಅದರ ಮೈಯೊಳಕ್ಕೆ ಸೇರಿಸಿ ಎಳೆದಾಗ ಸಿಲಿಂಡರ್ ಪೂರಾ ಅವಳ ಕೈಗೆ ಬಂತು. ಬಾಗಿಲಲ್ಲಿ ತೂತು ಉಳಿಯಿತು.

“ನೋಡಪ್ಪ, ಇಷ್ಟು ದೊಡ್ಡ ಬಾಗಿಲು. ಇದನ್ನ ಹಿಡಿದಿರೋದು ಒಂದೇ ಒಂದು ಸ್ಕ್ರೂ.”

“ಬಾಗಿಲಿಗೆ ತೂತು ಮಾಡಿದ್ಯಲ್ಲೇ! ಹೋಗಿಬರೋರು ಏನಂದ್ಕೋತಾರೆ?” ಎಂದು ತಾಯಿ ಒಳಗಿನಿಂದ ಕೂಗಿದಳು.

“ಕಣ್ಣಿಟ್ಟು ನೋಡಿದ್ರೆ ನೀನು ಇನ್ನೂ ಪಾತ್ರೆ ತೊಳೆದಿಲ್ಲ ಅಂದ್ಕೋತಾರೆ.”

“ಕಳ್ಳರ ವಿದ್ಯೆ ಕಲೀಲಿ ಅಂತ ನಿನ್ನ ಓದಿಸಿದ್ನಾ?” ಎಂದು ಬೈಂಡರು ಕೇಳಿದರು.

“ಕಳ್ಳರಿಗೆ ಇಷ್ಟು ತಾಳ್ಮೆ ಇದ್ದಿದ್ರೆ ನಿನ್ನ ಹತ್ರ ಬಂದು ಬೈಂಡಿಂಗ್ ಕಲೀತಿದ್ರು. ಅವರು ಇದನ್ನ ಈ ಸ್ಕ್ರೂ ತೂತಿನ ಹತ್ರ ಹಿಡಿದು ಲಟಕ್ ಅಂತ ಮುರೀತಾರೆ. ನಾವು ಮುರಿಯಲ್ಲ, ತೆಗೀತೀವಿ.”

‘ನಾವು’ ಎಂದರೆ ಕೀ ಇಲ್ಲದೆ ಬೀಗ ತೆಗೆಯುವುದನ್ನು ಹವ್ಯಾಸ ಮಾಡಿಕೊಂಡ ಒಂದು ಸಣ್ಣ ಗುಂಪು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಶನಿವಾರ ಮಧ್ಯಾಹ್ನ ಸೇರುತ್ತಿತ್ತು. ಅದರ ಹಿರಿಯರು ಕೈಗಾರಿಕಾ ಶಾಲೆಯಲ್ಲಿ ಲೇತ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಹಲ್ಲಿನ ಡಾಕ್ಟರೊಬ್ಬರು ತಪ್ಪದೆ ಬರುತ್ತಿದ್ದರು. ಇನ್ನೂ ಮೂರು ನಾಲ್ಕು ಮಂದಿ ಬಂದು ಹೋಗುತ್ತಿದ್ದರು. ಅಲ್ಲಿ ಕೆಲವು ಕಟ್ಟಳೆಗಳಿದ್ದವು. ತಮ್ಮದಲ್ಲದ ಬೀಗ ಮುಟ್ಟಬಾರದು. ಬಾಗಿಲಿನಲ್ಲಿ ಕೆಲಸ ಮಾಡುತ್ತಿರುವ ಬೀಗವನ್ನು, ತನ್ನದೇ ಆಗಿರಲಿ, ಕಡ್ಡಿ ಹಾಕಿ ತೆಗೆಯಬಾರದು. ಒಬ್ಬರು ಒಳಗನ್ನು ಬದಲಿಸಿ ಇನ್ನೊಬ್ಬರಿಗೆಂದು ಕೊಟ್ಟ ಬೀಗಕ್ಕೆ ಮೂರನೆಯವರು ಕೈಹಾಕಬಾರದು. ಕೊಡುವ ಮೊದಲು, ಮಾಡಿದವರು ಅದನ್ನು ಕೀಯಿಂದ ಎಲ್ಲರೆದುರು ಒಮ್ಮೆ ತೆರೆದು ತೋರಿಸಬೇಕು. ತೆರೆಯಲಾಗದ ಬೀಗ ಕೊಟ್ಟು ಕಾಡಿಸುವುದು ಅಲ್ಲಿ ನಾಚಿಕೆಗೇಡು.

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಬೈಂಡರು ಪ್ರಾರ್ಥನಾ ಮಂದಿರಕ್ಕೆ ಹೋಗುವುದನ್ನು ಬಿಟ್ಟರು. ಅದುವರೆಗೆ ಅವರು ತಪ್ಪಿಸಿದವರಲ್ಲ. ಮಗಳ ಕಾಯಿಲೆಯುದ್ದಕ್ಕೂ ಮೊಣಕಾಲೂರಿ ಬೇಡಿದ್ದರು, ಬೇಡಿದ್ದು ಸಿಗಲಿಲ್ಲ. ದೇವರ ಮೇಲೆ ಸಿಟ್ಟೇ ಎಂದು ಯಾರೋ ಕೇಳಿದರೆ, “ಸಿಟ್ಟು ಮಾಡ್ಕೊಳ್ಳೋಕೆ ನಾನ್ಯಾರು? ಬೇಡೋಕೆ ಏನೂ ಉಳಿದಿಲ್ಲ, ಅಷ್ಟೆ” ಎಂದರು. ಹೆಂಡತಿಯೂ ಹೋಗಲಿಲ್ಲ. ಗಂಡನನ್ನು ಮನೆಯಲ್ಲಿ ಬಿಟ್ಟು ತಾನೊಬ್ಬಳೇ ಹೋಗಿ ನಿಲ್ಲಲು ಆಕೆಗೆ ಕಾಲು ಬರಲಿಲ್ಲ.

ಒಂದು ದಿನ ಕೋಟಿನ ಜೇಬಿನಲ್ಲಿ ಬೀಗ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ಬೈಂಡರು ಬಹಳ ಹೊತ್ತು ಮೇಜಿನ ಮುಂದೆ ಕುಳಿತಿದ್ದರು. ಆಮೇಲೆ ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ, ಕಣ್ಣುಮುಚ್ಚಿ, ಹೇಳಿಕೊಂಡರು: ‘ದೇವರೇ, ಅವಳನ್ನು ಉಳಿಸು ಎಂದು ಕೇಳಿದೆ, ನೀನು ಕೊಡಲಿಲ್ಲ. ಸರಿ. ಇದೊಂದನ್ನು ಕೊಡು. ಇದು ನನ್ನ ಕೈಯಲ್ಲಿ ತಿರುಗಲಿ. ತಿರುಗಿದ ದಿನ ಬಂದು ನಿನ್ನ ಮುಂದೆ ನಿಲ್ಲುತ್ತೇನೆ.’

ಇದನ್ನು ಅವರು ಹೆಂಡತಿಗೂ ಹೇಳಿದರು. ಆಕೆ ಸೂಜಿ ನಿಲ್ಲಿಸಿ ಅವರ ಮುಖ ನೋಡಿದಳು.

“ದೇವರ ಹತ್ರ ಚೌಕಾಸಿ ಮಾಡ್ತೀರಲ್ರೀ.”

“ಇನ್ನೇನು ಮಾಡ್ಲೇ?”

“ಮಾಡಿ. ತೆಗೆದ ದಿನ ಇಬ್ಬರೂ ಹೋಗೋಣ. ನನಗೂ ಅಲ್ಲಿಗೆ ಹೋಗ್ಬೇಕು ಅನ್ಸುತ್ತೆ.”

ಹೀಗೆ ಬೈಂಡರು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದರು. ಒಳಗಿದ್ದವರು ಅವರನ್ನು ಕಂಡು ಎದ್ದು ನಿಂತರು. ಮೇಷ್ಟ್ರು ಏನೂ ಕೇಳದೆ ಒಂದು ಕುರ್ಚಿಯನ್ನು ಬೆಳಕಿನ ಕಡೆಗೆ ತಿರುಗಿಸಿ ಇಟ್ಟರು.

ಕಲಿಕೆ ಅಲ್ಲಿಂದ ಮೊದಲಾಯಿತು. ಮೇಷ್ಟ್ರ ಬಳಿ ಮಕ್ಕಳಿಗೆ ಕಲಿಸಲೆಂದು ಅರ್ಧ ಸೀಳಿದ ಸಿಲಿಂಡರ್ ಒಂದಿತ್ತು. ಅದರಲ್ಲಿ ಒಳಗೆಲ್ಲ ಕಾಣುತ್ತಿತ್ತು. ಕೀ ಹೋಗುವ ದುಂಡನೆಯ ಉರುಳೆ. ಅದರ ಉದ್ದಕ್ಕೂ ಬಾವಿಗಳಂತೆ ಆರು ತೂತು. ಪ್ರತಿ ತೂತಿನಲ್ಲಿ ಒಂದರ ಬೆನ್ನಿಗೊಂದು ಎರಡು ಪಿನ್ನು, ಹಿಂದೆ ಒಂದು ಸ್ಪ್ರಿಂಗ್. ಎರಡನೆಯ ಪಿನ್ನು ಅರ್ಧ ಉರುಳೆಯಲ್ಲಿ, ಅರ್ಧ ಬೀಗದ ಮೈಯಲ್ಲಿ ಅಡ್ಡನಿಂತಿರುವುದರಿಂದ ಉರುಳೆ ತಿರುಗದು. ಸರಿಯಾದ ಕೀ ಹೋದರೆ ಅದರ ಏರುತಗ್ಗು ಪ್ರತಿ ಜೋಡಿಯನ್ನೂ ಬೇಕಾದಷ್ಟೇ ತಳ್ಳಿ, ಆರೂ ಜೋಡಿಗಳ ನಡುವಿನ ಸಂದು ಒಂದೇ ಗೆರೆಗೆ ಬರುತ್ತದೆ. ಆಗ ತಡೆ ಇಲ್ಲ.

“ಕೀ ಆರನ್ನೂ ಒಟ್ಟಿಗೆ ಮಾಡುತ್ತೆ. ನಾವು ಒಂದೊಂದಾಗಿ ಮಾಡ್ತೀವಿ” ಎಂದರು ಮೇಷ್ಟ್ರು. “ಈ ಬಿಗಿಕಡ್ಡಿಯಿಂದ ಉರುಳೆಗೆ ಒಂಚೂರು ತಿರುಚು ಕೊಡಿ. ಆರೂ ಪಿನ್ನು ಒಂದೇ ಸಮ ಬಿಗಿಯಲ್ಲ. ಒಂದು ಮೊದಲು ಬಿಗಿಯುತ್ತೆ. ಕೊಕ್ಕೆಯಿಂದ ಅದನ್ನ ಹುಡುಕಿ. ಮೆಲ್ಲಗೆ ಎತ್ತಿ. ಗೆರೆಗೆ ಬಂದಾಗ ಟಿಕ್ ಅನ್ನುತ್ತೆ. ಆಮೇಲೆ ಇನ್ನೊಂದು ಬಿಗಿಯುತ್ತೆ.”

“ಎಷ್ಟು ಬಿಗಿ ಕೊಡ್ಬೇಕು?”

“ಅದನ್ನ ಹೇಳೋಕಾಗಲ್ಲ.”

“ದಾರ ಎಳೆದ ಹಾಗೆ ಇರ್ಬೇಕು. ಪುಸ್ತಕದ ಮಡಿಕೆ ಹೊಲಿವಾಗ ಹೆಚ್ಚು ಎಳೆದ್ರೆ ಕಾಗದ ಹರಿಯುತ್ತೆ, ಕಮ್ಮಿ ಎಳೆದ್ರೆ ಜೋಲುತ್ತೆ.”

ಮೇಷ್ಟ್ರು ಡಾಕ್ಟರ ಕಡೆ ನೋಡಿದರು. “ಕೇಳಿಸ್ಕೊಂಡ್ರಾ? ನಿಮಗೆ ಇದನ್ನ ತಲೆಗೆ ಹತ್ತಿಸೋಕೆ ನನಗೆ ಒಂದು ವರ್ಷ ಬೇಕಾಯ್ತು.”

“ನನ್ನ ರೋಗಿಗಳು ಬಾಯಿ ಬಿಟ್ಕೊಂಡು ಕೂತಿರ್ತಾರೆ ಸ್ವಾಮಿ, ಬೀಗ ಬಾಯಿ ಬಿಡಲ್ಲ” ಎಂದರು ಡಾಕ್ಟರು. “ಅದೂ ಅಲ್ದೆ ಬೀಗ ಅಯ್ಯೋ ಅನ್ನಲ್ಲ. ಅಯ್ಯೋ ಅನ್ನದಿದ್ರೆ ಎಲ್ಲಿ ಮುಟ್ಟಿದೆ ಅಂತ ನನಗೆ ಗೊತ್ತಾಗಲ್ಲ.”

ಬೈಂಡರು ನಕ್ಕರು. ನಕ್ಕ ಮೇಲೆ, ನಕ್ಕೆನಲ್ಲ ಎಂದು ತಲೆ ತಗ್ಗಿಸಿದರು. ಕೋಣೆಯಲ್ಲಿ ಯಾರೂ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ.

ಕಲಿಯುವ ಬೀಗಗಳು ಅವರಿಗೆ ಬೇಗನೆ ಒಲಿದವು. ಎರಡು ಪಿನ್ನಿನದು, ಮೂರರದು, ಆರರದು. ಮೊದಲ ಸಲ ಆರು ಪಿನ್ನಿನ ಉರುಳೆ ಗಕ್ಕನೆ ತಿರುಗಿದಾಗ ಅವರು ಕೈಯನ್ನು ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದಕ್ಕೆಳೆದುಕೊಂಡರು. ಮನೆಗೆ ಬಂದು ಮಗಳ ಬೀಗವನ್ನು ಮೇಜಿನ ಅಂಚಿಗೆ ಕೂರಿಸಿದ ವೈಸಿನ ದವಡೆಗೆ ಸಿಕ್ಕಿಸಿದರು. ಕೊಕ್ಕೆಯನ್ನು ಮೆಲ್ಲಗೆ ಒಳಗೆ ಬಿಟ್ಟರು. ಈ ಪಿನ್ನುಗಳನ್ನು ಒಂದೊಂದಾಗಿ ಚಿಮಟದಲ್ಲಿ ಹಿಡಿದು ಇಳಿಸಿದವಳು ಅವಳು. ಅವಳು ಇಟ್ಟಲ್ಲಿಯೇ ಅವು ಇವೆ. ಅವಳ ಕೈ ಮುಟ್ಟಿದ್ದನ್ನು ತಮ್ಮ ಕೈ ಇಷ್ಟು ಹತ್ತಿರದಿಂದ ಮುಟ್ಟುವ ಜಾಗ ಲೋಕದಲ್ಲಿ ಬೇರೆಲ್ಲೂ ಇಲ್ಲ.

ಮೂರನೆಯದು ಮೊದಲು ಬಿಗಿಯಿತು. ಆಮೇಲೆ ಮೊದಲನೆಯದು. ಆಮೇಲೆ ಆರು, ಎರಡು, ನಾಲ್ಕು. ಐದನೆಯದು ಹೆಚ್ಚು ಕಾಡಿ, ಕೊನೆಗೆ ಕೂತಿತು. ಆಗ ಉರುಳೆ ಕೂದಲೆಳೆಯಷ್ಟು ತಿರುಗಿ ನಿಂತಿತು. ಅಷ್ಟೆ. ಮುಂದಕ್ಕೆ ಹೋಗಲಿಲ್ಲ.

ಶನಿವಾರ ಇದನ್ನು ಹೇಳಿದಾಗ ಡಾಕ್ಟರು ತೊಡೆ ತಟ್ಟಿಕೊಂಡರು. “ಅದು ಸುಳ್ಳು ತಿರುವು! ಹುಡುಗಿ ರೀಲು ಪಿನ್ ಹಾಕಿದ್ದಾಳೆ. ಕಿತಾಪತಿ ಅಂದ್ರೆ ಅವಳದ್ದು. ನನಗೊಂದು ಬೀಗ ಕೊಟ್ಟು ಮೂರು ತಿಂಗಳು ನಿದ್ದೆ ಕೆಡಿಸಿದ್ಲು.”

ಮೇಷ್ಟ್ರು ಕಾಗದದ ಮೇಲೆ ಬಿಡಿಸಿ ತೋರಿಸಿದರು. ರೀಲು ಪಿನ್ನು ದಾರದ ರೀಲಿನಂತೆ, ನಡು ಸಣಕಲು. ಆ ಸಣಕಲು ಭಾಗ ಗೆರೆಯ ಬಳಿ ಬಂದಾಗ ಉರುಳೆ ಸ್ವಲ್ಪ ತಿರುಗಿ, ತೆರೆಯಿತು ಎಂಬ ಆಸೆ ಹುಟ್ಟಿಸಿ, ನಿಂತುಬಿಡುತ್ತದೆ. ಆಗ ಬಿಗಿಯನ್ನು ಸಡಿಲಿಸಿ ಆ ಪಿನ್ನನ್ನು ಇನ್ನೊಂದಿಷ್ಟು ಎತ್ತಬೇಕು. ತಪ್ಪಿದರೆ ಎಲ್ಲವೂ ಬಿದ್ದುಹೋಗುತ್ತದೆ, ಮೊದಲಿನಿಂದ ಶುರು.

ಬೈಂಡರು ಮೊದಲಿನಿಂದ ಶುರು ಮಾಡಿದರು. ಪ್ರತಿ ಸಂಜೆ. ಕೂದಲೆಳೆಯಷ್ಟು ತಿರುವಿನವರೆಗೆ ಈಗ ಅವರ ಕೈ ತಾನಾಗಿ ಹೋಗುತ್ತಿತ್ತು. ಅಲ್ಲಿಂದ ಮುಂದೆ ಬಿಗಿ ಸಡಿಲಿಸಿ ಐದನೆಯದನ್ನು ಎತ್ತಿ ನೋಡುವರು, ಮೂರನೆಯದನ್ನು ಎತ್ತಿ ನೋಡುವರು. ಟಪಟಪನೆ ಎಲ್ಲ ಬೀಳುವವು. ಕಡ್ಡಿ ಹಿಡಿದ ಬೆರಳಿನಲ್ಲಿ ಗುಳ್ಳೆ ಎದ್ದು ಒಡೆದು ಗಟ್ಟಿಯಾಯಿತು. ಹೊಲಿಯಬೇಕಾದ ಪುಸ್ತಕಗಳು ಗೋಡೆಯ ಬಳಿ ಬೆಳೆಯತೊಡಗಿದವು. ಗಿರಾಕಿಗಳು ಗೊಣಗಿದರು.

ಹೆಂಡತಿ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಲ್ಲುವಳು. “ಬಂತಾ?”

“ಇಲ್ಲ.”

“ಊಟಕ್ಕಾದ್ರೂ ಬರ್ತೀರಾ, ಅದೂ ಬೀಗ ಹಾಕಿದೆಯಾ?”

ಊಟಕ್ಕೆ ಕುಳಿತಾಗ ಅವರು ಮಗಳ ಜಾಣತನ ಹೇಳುವರು. “ನೋಡೇ, ಅಷ್ಟು ನೋವಿನಲ್ಲೂ ಎಂಥ ಬೀಗ ಮಾಡಿದ್ದಾಳೆ. ಔಷಧಿಯಿಂದ ಬೆರಳತುದಿ ಜೋಮು ಹಿಡಿದಿತ್ತು ಅಂತ ನಾವಂದ್ಕೊಂಡ್ವಿ. ಜೋಮು ಹಿಡಿದ ಕೈ ಮಾಡೋ ಕೆಲಸ ಅಲ್ಲ ಇದು. ಕೊನೇವರೆಗೂ ಅವಳು ಅವಳೇ ಆಗಿದ್ಲು.” ಹೀಗೆ ಹೇಳುವಾಗ ಅವರ ಮುಖದಲ್ಲಿ ಸಣ್ಣ ಗೆಲುವು ಇರುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ದಿನದಿನಕ್ಕೆ ಸಣ್ಣಗಾದ ಮಗಳ ಬದಲು, ಚಿಮಟ ಹಿಡಿದು ತುಟಿ ಕಚ್ಚಿ ತಂದೆಯನ್ನು ಏಮಾರಿಸಲು ಹೊಂಚುವ ಮಗಳು ಅವರಿಗೆ ಕಾಣುತ್ತಿದ್ದಳು. ಹೆಂಡತಿ ಕೇಳಿಸಿಕೊಂಡು ಸುಮ್ಮನೆ ಬಡಿಸುವಳು.

ಚಳಿ ಬಂತು. ಚಳಿಯಲ್ಲಿ ಬೆರಳು ಮಾತು ಕೇಳುವುದಿಲ್ಲವೆಂದು ಅವರು ಬಿಸಿನೀರಿನ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಒಮ್ಮೊಮ್ಮೆ, ಉರುಳೆ ತುಸು ತಿರುಗಿ ನಿಂತ ಆ ಘಳಿಗೆಯಲ್ಲಿ, ಬಿಗಿಕಡ್ಡಿಯನ್ನು ಹಾಗೆಯೇ ಹಿಡಿದು, “ಸಾಕು ಮಗು, ಬಿಡು” ಎನ್ನುತ್ತಿದ್ದರು. ಅದು ಮಗಳಿಗೆ ಹೇಳಿದ್ದೋ ದೇವರಿಗೆ ಹೇಳಿದ್ದೋ ಅವರಿಗೇ ತಿಳಿಯದು.

ಒಂದು ಶನಿವಾರ ಮೇಷ್ಟ್ರು ತಮ್ಮ ಕಪಾಟಿನಿಂದ ಒಂದು ಬೀಗ ತೆಗೆದುಕೊಟ್ಟರು. “ಇದರಲ್ಲಿ ನಾನೇ ಒಂದು ರೀಲು ಪಿನ್ ಹಾಕಿದ್ದೀನಿ. ಇಷ್ಟು ದಿನ ಬರೀ ಬಾಯಲ್ಲಿ ಹೇಳಿದೆ. ಕೈಗೂ ಗೊತ್ತಾಗಲಿ.”

ಬೈಂಡರು ಅದನ್ನು ಸುಳ್ಳು ತಿರುವಿನವರೆಗೆ ತಂದರು. ಬಿಗಿ ಸಡಿಲಿಸಿ ನಾಲ್ಕನೆಯ ಪಿನ್ನನ್ನು ಎತ್ತಿದರು. ಉರುಳೆ ಅವರ ಬೆರಳಿಗೆ ಎದುರಾಗಿ ಹಿಂದಕ್ಕೆ ಒತ್ತಿತು.

“ಇದೇನು ಮೇಷ್ಟ್ರೇ, ಬೆರಳನ್ನ ತಳ್ಳುತ್ತೆ!”

“ತಳ್ಳಲೇಬೇಕು. ರೀಲಿನ ಅಂಚು ಹೊರಗೆ ಬರೋಕೆ ಉರುಳೆ ಹಿಂದಕ್ಕೆ ಸರೀಬೇಕಲ್ಲ. ತಳ್ಳಿದ ಪಿನ್ನೇ ಕಳ್ಳ. ಅದನ್ನ ಹಿಡಿದ್ರೆ ಬೀಗ ಬಂತು.”

ಉರುಳೆ ತಿರುಗಿತು. ಬೈಂಡರು ಅದನ್ನು ನೋಡಲಿಲ್ಲ. “ಅವಳದ್ದು ತಳ್ಳಲ್ಲ” ಎಂದರು.

“ಯಾವ ಪಿನ್ನೂ?”

“ಯಾವುದೂ. ಒಂದು ಸಲವೂ ತಳ್ಳಿಲ್ಲ. ತಿರುಗಿ ನಿಂತ್ಮೇಲೆ ಆರೂ ಪಿನ್ನು ಸತ್ತಹಾಗಿರುತ್ತೆ. ಕಲ್ಲು.”

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಬೈಂಡರೇ, ಒಂದು ಮಾತು. ಆ ಬೀಗಕ್ಕೆ ಅವಳು ಕೀ ಮಾಡಿಸಿರಲಿಲ್ಲ. ಪಿನ್ನೆಲ್ಲ ಬದಲಾಯಿಸಿದ್ಲಲ್ಲ, ಹೊಸ ಕೀ ನಾನು ಕತ್ತರಿಸಿ ಕೊಡಬೇಕಿತ್ತು. ನಾನು ನೋಡೋಕೆ ಹೋದಾಗ, ‘ಬೀಗ ಅಪ್ಪನಿಗೆ ಕೊಟ್ಟಾಯ್ತು ಮೇಷ್ಟ್ರೇ, ಕೀ ಆಮೇಲೆ ಮಾಡೋಣ’ ಅಂದ್ಲು. ತೆರೆದು ತೋರಿಸದೆ ಕೊಡಬಾರದು ಅನ್ನೋದು ನಮ್ಮ ಕಟ್ಟಳೆ. ಆ ಮಂಚದ ಹತ್ರ ನಿಂತ್ಕೊಂಡು ಅದನ್ನ ಹೇಳೋಕೆ ನನಗೆ ಬಾಯಿ ಬರಲಿಲ್ಲ.”

“ಅಂದ್ರೆ?”

“ಅಂದ್ರೆ ಈ ಬೀಗ ಜೋಡಿಸಿದ ಮೇಲೆ ಒಂದು ಸಲವೂ ತೆರೆದಿಲ್ಲ. ಯಾರಿಂದಲೂ.” ಅವರು ಕನ್ನಡಕ ಹಾಕಿಕೊಂಡರು. “ನಾನು ಮುಟ್ಟೋ ಹಾಗಿಲ್ಲ. ಅವಳು ನಿಮಗೆ ಅಂತ ಕೊಟ್ಟಿದ್ದು. ನೀವು ಒಪ್ಪಿದ್ರೆ ಮಾತ್ರ.”

ಕೆಳಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿ ನೋಡುತ್ತಿದ್ದರು. ಬೈಂಡರು ಜೇಬಿನಿಂದ ಬೀಗ ತೆಗೆದು ಮೇಜಿನ ಮೇಲಿಟ್ಟರು.

ಮೇಷ್ಟ್ರು ನಡುವಿನ ನಾಲಿಗೆಯ ಪಕ್ಕದಲ್ಲಿದ್ದ ಸಣ್ಣ ಕ್ಲಿಪ್ಪನ್ನು ಇಕ್ಕಳದಿಂದ ಕಿತ್ತರು. ಉರುಳೆ ಮುಂದಕ್ಕೆ ಜಾರದಂತೆ ಹಿಡಿಯುವುದು ಆ ಕ್ಲಿಪ್ಪು. “ಈಗ ನೀವು ಯಾವಾಗಿನ ಹಾಗೆ ತೆಗೀರಿ. ತುಸು ತಿರುಗಿ ನಿಲ್ಲುತ್ತಲ್ಲ, ಅಲ್ಲಿಗೆ ತನ್ನಿ. ನಾನು ಉರುಳೆನ ಮುಂದಕ್ಕೆ ಎಳೀತೀನಿ. ಒಂದೇ ಒಂದು ಪಿನ್ನು ಅಡ್ಡ ಇದ್ರೂ ಅದು ಬರಲ್ಲ. ಬಂದ್ರೆ…”

“ಬಂದ್ರೆ?”

“ಮೊದಲು ನೋಡೋಣ.”

ಮೂರು, ಒಂದು, ಆರು, ಎರಡು, ನಾಲ್ಕು, ಐದು. ಬೈಂಡರ ಕೈಗೆ ಅದು ಬಾಯಿಪಾಠ. ಉರುಳೆ ಕೂದಲೆಳೆಯಷ್ಟು ತಿರುಗಿ ನಿಂತಿತು. ಮೇಷ್ಟ್ರು ಎರಡು ಬೆರಳಿನಲ್ಲಿ ಅದರ ತುದಿ ಹಿಡಿದು ಎಳೆದರು. ಅದು ಬೆಣ್ಣೆಯಲ್ಲಿ ಜಾರಿದಂತೆ ಹೊರಕ್ಕೆ ಬಂತು. ಬಂದಷ್ಟೂ ಅದರ ಜಾಗವನ್ನು ಮೇಷ್ಟ್ರು ಹಿಂದಿನಿಂದ ತಳ್ಳಿದ ಒಂದು ಹಿತ್ತಾಳೆಯ ಕೋಲು ತುಂಬುತ್ತ ಹೋಗಿ ಸ್ಪ್ರಿಂಗುಗಳನ್ನು ತಡೆಯಿತು.

ಡಾಕ್ಟರು ಪಕ್ಕಕ್ಕೆ ತಿರುಗಿಕೊಂಡರು.

“ಎಲ್ಲ ಕೂತಿತ್ತು” ಎಂದರು ಮೇಷ್ಟ್ರು. “ಇವತ್ತಲ್ಲ. ಮೊದಲ ದಿನದಿಂದಲೂ ಕೂತಿತ್ತು. ನೀವು ಮಾಡಬೇಕಾದ್ದನ್ನೆಲ್ಲ ಮಾಡಿದ್ರಿ. ಬೆರಳನ್ನ ತಳ್ಳಿಲ್ಲ ಅಂದ್ರೆ ಇದರಲ್ಲಿ ರೀಲು ಪಿನ್ ಒಂದೂ ಇಲ್ಲ. ಎಲ್ಲ ಸಾದಾ ಪಿನ್ನು.”

“ಮತ್ತೆ ಯಾಕೆ ತಿರುಗಲಿಲ್ಲ?”

ಮೇಷ್ಟ್ರು ಬೀಗದ ನಡುವಿನಿಂದ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಉಕ್ಕಿನ ಚೂರನ್ನು ಚಿಮಟದಲ್ಲಿ ಎತ್ತಿ ಅವರ ಅಂಗೈಗೆ ಹಾಕಿದರು. ಬಾಗಿಲ ಒಳಬದಿಯ ಉರುಳೆಯೋ ಹೊರಬದಿಯ ಉರುಳೆಯೋ, ಯಾವುದಕ್ಕೆ ಕೀ ಬಂದಿದೆಯೋ ಅದನ್ನು, ಬಾಗಿಲ ಅಗುಳಿಯನ್ನು ಸರಿಸುವ ನಡುವಿನ ನಾಲಿಗೆಗೆ ಜೋಡಿಸುವುದು ಈ ಚೂರಿನ ಕೆಲಸ. ಅದಕ್ಕೊಂದು ಹಲ್ಲಿತ್ತು. ಹಲ್ಲು ನಾಲಿಗೆಯ ಕಚ್ಚಿನಲ್ಲಿ ಕೂರಬೇಕು.

“ಇದು ತಲೆಕೆಳಗಾಗಿದೆ. ಹಲ್ಲು ಬೀಗದ ಮೈಗೇ ಸಿಕ್ಕಿಕೊಂಡಿದೆ. ಮೈ ತಿರುಗಲ್ಲ, ಹಾಗಾಗಿ ಉರುಳೆಯೂ ತಿರುಗಲ್ಲ. ಕೀ ಇದ್ದಿದ್ರೂ ತಿರುಗ್ತಿರಲಿಲ್ಲ. ಸಡಿಲ ಇರೋ ಆ ಕೂದಲೆಳೆಯಷ್ಟು ಮಾತ್ರ.”

“ಅವಳು ಬೇಕೂಂತ ಮಾಡಿರ್ತಾಳಾ?”

ಮೇಷ್ಟ್ರು ಸುಳ್ಳು ಹೇಳಬಹುದಿತ್ತು. ಆದರೆ ಬೈಂಡರ ಕಣ್ಣು ಅವರ ಮೇಲೆಯೇ ಇತ್ತು.

“ಇಲ್ಲ. ಹೀಗೆ ಯಾರೂ ಬೇಕೂಂತ ಮಾಡಲ್ಲ. ಕೈಗೆ ಗೊತ್ತಾಗಿಲ್ಲ. ಅಷ್ಟೆ.”

ಬೈಂಡರು ಅಂಗೈಯನ್ನು ನೋಡುತ್ತ ಕುಳಿತರು. ಏಮಾರಿಸಲು ಹೊಂಚುತ್ತಿದ್ದ ಮಗಳು ಅಲ್ಲಿರಲಿಲ್ಲ. ರೀಲು ಪಿನ್ನು ಹಾಕುವಷ್ಟು ಶಕ್ತಿಯಿಲ್ಲದೆ ಸಾದಾ ಪಿನ್ನು ಹಾಕಿ, ಈ ಚೂರಿನ ಮೇಲು ಯಾವುದು ಕೆಳಗು ಯಾವುದು ಎಂದು ಬೆರಳಿಗೆ ತಿಳಿಯದೆ, ಹೇಗೋ ತುರುಕಿ, ತಂದೆಗೆ ಕೊಡಬೇಕೆಂದು ಅವಸರದಲ್ಲಿ ಮುಚ್ಚಿದ ಮಗಳು ಇದ್ದಳು. ಇಷ್ಟು ತಿಂಗಳು ಅವರು ಕೊಂಡಾಡಿದ ಜಾಣತನ ಅವಳ ಜೋಮು ಹಿಡಿದ ಕೈ.

“ಒಂದು ನಿಮಿಷದ ಕೆಲಸ” ಎಂದರು ಮೇಷ್ಟ್ರು. “ಚೂರನ್ನ ಸರಿಯಾಗಿ ಕೂರಿಸಿ ಕೊಡ್ತೀನಿ. ಇಲ್ಲೇ ತೆಗೀರಿ. ಪಿನ್ನೆಲ್ಲ ಅವಳದ್ದೇ ಇರುತ್ತೆ.”

“ಬೇಡ. ಹೇಗಿತ್ತೋ ಹಾಗೇ ಹಾಕಿ ಕೊಡಿ.”

“ತಲೆಕೆಳಗಾಗಿಯೇ?”

“ಹೌದು. ಸರಿ ಮಾಡಿದ್ರೆ ಅದು ನಿಮ್ಮ ಬೀಗ.”

ಡಾಕ್ಟರು ಏನೋ ಹೇಳಲು ಹೋದರು. ಮೇಷ್ಟ್ರು ಕೈಯಲ್ಲೇ ತಡೆದರು. ಚೂರನ್ನು ಮೊದಲಿನಂತೆ ತಪ್ಪಾಗಿ ಕೂರಿಸಿ, ಉರುಳೆ ತಳ್ಳಿ, ಕ್ಲಿಪ್ಪು ಹಾಕಿ, ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಕೊಟ್ಟರು.

ಮನೆಗೆ ಬರುವ ದಾರಿಯಲ್ಲಿ ಬೈಂಡರು ಹೆಂಡತಿಗೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡರು. ಇನ್ನು ಕಾಯುವುದು ಬೇಡ, ಇದು ತೆರೆಯುವಂಥದ್ದೇ ಅಲ್ಲ, ಮಗುವಿನ ಕೈ ಆಗಲೇ ಸೋತಿತ್ತು, ಬೇಡಿದ್ದು ಎರಡನೆಯ ಸಲವೂ ಸಿಗಲಿಲ್ಲ. ಮಂದಿರಕ್ಕೆ ನೀನು ಹೋಗು, ನನ್ನ ದಾರಿ ನೋಡಬೇಡ. ಇಷ್ಟನ್ನೂ ಹೇಳಿ ಮುಗಿಸಿಬಿಡಬೇಕು.

ಹೆಂಡತಿ ಕಿಟಕಿಯ ಬಳಿ ಒಂದು ಅಂಗಿಯ ಕೊನೆಯ ಕಾಜಾ ಮುಗಿಸಿ ಹಲ್ಲಿನಿಂದ ದಾರ ಕಡಿಯುತ್ತಿದ್ದಳು.

“ಬಂತಾ?”

“ಇಲ್ಲ. ನೋಡೇ, ಒಂದು ಮಾತು ಹೇಳ್ಬೇಕು. ಇವತ್ತು ಮೇಷ್ಟ್ರು ಬಿಚ್ಚಿ ನೋಡಿದ್ರು. ಇದರ ಮಧ್ಯೆ ಒಂದು ಸಣ್ಣ ಚೂರಿರುತ್ತಂತೆ…”

“ಅಕ್ಕಿಕಾಳಿನಷ್ಟಿದ್ದು? ಒಂದು ಮೂಲೆಗೆ ಹಲ್ಲು?” ಆಕೆ ಅಂಗಿಯನ್ನು ಕೆಳಗಿಟ್ಟಳು. ಎಷ್ಟೋ ತಿಂಗಳಿಂದ ಕಾಣದ ಬೆಳಕೊಂದು ಆಕೆಯ ಮುಖಕ್ಕೆ ಬಂತು. “ಅದನ್ನ ಹಾಕಿದ್ದು ನಾನೇ ರೀ!”

ಬೈಂಡರ ಕೈ ಜೇಬಿನಲ್ಲಿದ್ದ ಬೀಗಕ್ಕೆ ಹೋಯಿತು.

“ನಿಮಗೆ ಹೇಳಬಾರದು ಅಂದಿದ್ಲು. ಪಿನ್ನೆಲ್ಲ ಅವಳೇ ಹಾಕಿದ್ಲು, ಆ ಚೂರು ಮಾತ್ರ ಕೈಯಲ್ಲಿ ನಿಲ್ತಿರಲಿಲ್ಲ. ಹೊದಿಕೆ ಮೇಲೆ ಬೀಳೋದು, ಹುಡುಕೋದು, ಬೀಳೋದು. ಆಮೇಲೆ ಅಳೋಕೆ ಶುರು ಮಾಡಿದ್ಲು. ‘ಕೊಡೇ ಇಲ್ಲಿ, ದಿನಾ ಸೂಜಿಗೆ ದಾರ ಪೋಣಿಸೋ ಕೈ ನಂದು’ ಅಂದೆ. ಚಿಮಟದಲ್ಲಿ ಎತ್ತಿ ಒಂದೇ ಸಲಕ್ಕೆ ಇಟ್ಟೆ. ‘ಅಮ್ಮ, ನೀನೂ ನಮ್ಮ ಗುಂಪಿಗೆ ಸೇರಿದೆ’ ಅಂತ ನಕ್ಕಳು. ಅವಳು ನಕ್ಕಿದ್ದು ಅವತ್ತೇ ಕೊನೆ ಅಂತ ಕಾಣುತ್ತೆ.” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನೀವು ದಿನಾ ಅವಳ ಜಾಣತನ ಹೊಗಳುವಾಗ, ಅದರಲ್ಲಿ ನಂದೂ ಒಂಚೂರಿದೆ ಅಂತ ಒಳಗೊಳಗೇ ಅಂದ್ಕೋತಿದ್ದೆ. ಮೇಷ್ಟ್ರು ಏನಂದ್ರು? ಸರಿಯಾಗಿ ಕೂತಿತ್ತಂತಾ?”

ಹೊರಗೆ ಬೀದಿಯ ದೀಪ ಹತ್ತಿತು. ಬೈಂಡರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. ಅದಕ್ಕೆ ಎಷ್ಟು ಹೊತ್ತು ಬೇಕೋ ಅದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

“ಚೆನ್ನಾಗಿ ಕೂತಿತ್ತಂತೆ.”

“ಮತ್ತೇನೋ ಹೇಳ್ಬೇಕು ಅಂದ್ರಿ.”

“ಅದೇ. ಚೂರು ಸರಿಯಾಗಿದೆ, ಪಿನ್ನು ಸರಿಯಾಗಿದೆ. ಕೈ ನಂದೇ ಸರಿಯಿಲ್ಲ ಅಂದ್ರು.”

“ಅಯ್ಯೋ, ಅದಕ್ಕೆ ಮುಖ ಹೀಗೆ ಮಾಡ್ಕೊಂಡು ಬರ್ಬೇಕಾ? ಇವತ್ತಲ್ಲದಿದ್ರೆ ನಾಳೆ ಬರುತ್ತೆ.”

ಮೇಷ್ಟ್ರ ಬಳಿ ಹಿಂದಿರುಗಿ ಚೂರನ್ನು ಸರಿಪಡಿಸಿಕೊಂಡು ಬರಬಹುದು ಎಂಬುದು ಅವರಿಗೆ ಹೊಳೆಯದೆ ಇರಲಿಲ್ಲ. ಹೆಂಡತಿಯ ಕಣ್ಣೆದುರಿಗೆ ಉರುಳೆ ತಿರುಗುತ್ತದೆ. ಆಕೆ ಸೀರೆ ಬದಲಿಸಿ ಬರುತ್ತಾಳೆ. ಇಬ್ಬರೂ ಮಂದಿರದಲ್ಲಿ ನಿಲ್ಲುತ್ತಾರೆ. ಅಲ್ಲಿ ನಿಂತು ಅವರು ಏನು ಹೇಳಬೇಕು? ಕೊಡದೆ ಇದ್ದದ್ದನ್ನು ಕೊಟ್ಟೆ ಎಂದು ಹೇಳಿ ತಲೆಬಾಗಬೇಕು. ಹೆಂಡತಿಗೆ ಸುಳ್ಳು ಹೇಳಿದ್ದಾಯಿತು. ಅದನ್ನು ದೇವರು ಮನ್ನಿಸಿಯಾನು. ಅವನ ಎದುರಿಗೇ ನಿಂತು ಅವನಿಗೇ ಸುಳ್ಳು ಹೇಳುವಷ್ಟು ದೂರ ಬೈಂಡರು ಇನ್ನೂ ಹೋಗಿರಲಿಲ್ಲ. ಅಷ್ಟು ಭಯ ಅವರಲ್ಲಿ ಉಳಿದಿತ್ತು. ಭಕ್ತಿಯಲ್ಲಿ ಉಳಿದದ್ದೂ ಅಷ್ಟೆ.

“ನಾನೂ ಕೆಳಗೆ ಬಂದು ಕೂತ್ಕೋತೀನಿ” ಎಂದಳು ಹೆಂಡತಿ. “ಇಷ್ಟು ದಿನ ಹೇಳಬಾರದು ಅಂತಿತ್ತು, ಅದಕ್ಕೇ ಬಾಗಿಲಲ್ಲಿ ನಿಂತು ಹೋಗ್ತಿದ್ದೆ. ಈಗ ಹೇಳಿದ್ದಾಯ್ತಲ್ಲ. ಅಂಗಿಗಳನ್ನ ಅಲ್ಲೇ ತರ್ತೀನಿ. ನೀವು ಬೀಗ ನೋಡಿ, ನಾನು ಕಾಜಾ ಹಾಕ್ತೀನಿ.”

ಆಕೆ ತನ್ನ ಕುರ್ಚಿಯನ್ನೂ ದೀಪವನ್ನೂ ಒಂದೊಂದಾಗಿ ಮೆಟ್ಟಿಲಿಳಿಸಿದಳು. ದೀಪವನ್ನು ಮೇಜಿನ ಮೇಲಿಟ್ಟು ಅದರ ಕೊರಳನ್ನು ವೈಸಿನ ಕಡೆಗೆ ಬಗ್ಗಿಸಿದಳು. ಬೈಂಡರು ಬೀಗವನ್ನು ಸಿಕ್ಕಿಸಿ ತಿರುಪು ಬಿಗಿದರು. ಕೊಕ್ಕೆ ಒಳಗೆ ಹೋಯಿತು. ಮೂರನೆಯದು ಟಿಕ್ ಎಂದಿತು.

“ಅದೇನದು, ಕೇಳಿಸ್ತು ನನಗೆ!” ಎಂದಳು ಆಕೆ.

“ಒಂದು ಪಿನ್ನು ಕೂತಿತು.”

“ಇನ್ನೆಷ್ಟು?”

“ಐದು.”

ಆಕೆ ಅಂಗಿ ಕೈಗೆತ್ತಿಕೊಂಡಳು; ಆದರೆ ಸೂಜಿ ಹಾಕಲಿಲ್ಲ. ತುಟಿ ಅಲ್ಲಾಡಿಸುತ್ತ ಪಿನ್ನು ಎಣಿಸುತ್ತಿದ್ದಳೋ ಪ್ರಾರ್ಥಿಸುತ್ತಿದ್ದಳೋ ಬೈಂಡರು ಆ ಕಡೆ ನೋಡಲಿಲ್ಲ. ಐದನೆಯದು ಕೂತು ಉರುಳೆ ತುಸು ತಿರುಗಿದಾಗ ಆಕೆ ಉಸಿರು ಬಿಗಿಹಿಡಿದದ್ದು ಅವರಿಗೆ ಕೇಳಿಸಿತು. ಅವರು ಬಿಗಿಕಡ್ಡಿಯನ್ನು ಹಿಡಿದೇ ಇದ್ದರು, ಬೆರಳು ಬಿಳಿಚುವವರೆಗೆ. ಆಮೇಲೆ ಬಿಟ್ಟರು. ಆರೂ ಪಿನ್ನು ಬಿದ್ದವು.

“ಛೆ, ಇನ್ನೇನು ಬಂದೇಬಿಡ್ತು ಅಂದ್ಕೊಂಡೆ” ಎಂದಳು ಹೆಂಡತಿ. “ಮೊದಲಿಗಿಂತ ಹತ್ರ ಬಂದಿದ್ದೀರಿ ಅಲ್ವಾ?”

“ಹೌದು” ಎಂದು ಬೈಂಡರು ಮತ್ತೆ ಕೊಕ್ಕೆ ಹಾಕಿದರು.